ಮಿತಿಯೊಳಗಿನ ಅರ್ಥವ್ಯವಸ್ಥೆ: ಕೋಲಾರದ ಕೆರೆ ಮತ್ತು ಕೊಳವೆಬಾವಿಗಳಿಂದ ಕಲಿಯುವುದು

ಅರ್ಥಶಾಸ್ತ್ರದ ಪಾಠಗಳು ಸಾಮಾನ್ಯವಾಗಿ ಮಾರುಕಟ್ಟೆಯಿಂದ ಆರಂಭವಾಗುತ್ತವೆ. ಅಮೆರಿಕದ ಅರ್ಥಶಾಸ್ತ್ರಜ್ಞ ಹರ್ಮನ್ ಡಾಲಿ (1938–2022) ಭೂಮಿಯಿಂದ ಆರಂಭಿಸಿದರು. ಅರ್ಥವ್ಯವಸ್ಥೆ ನಿಸರ್ಗದ ಒಳಗಿನ ಒಂದು ಭಾಗವಾದ್ದರಿಂದ ಅದರ ಗಾತ್ರಕ್ಕೂ ಮಿತಿ ಇರಲೇಬೇಕೆಂಬುದು ಅವರ ವಾದ. ಇದರಿಂದ ಮೂರು ನಿಯಮಗಳು ಹೊರಡುತ್ತವೆ: ಮತ್ತೆ ತುಂಬಿಕೊಳ್ಳುವ ಸಂಪನ್ಮೂಲವನ್ನು ಅದು ತುಂಬಿಕೊಳ್ಳುವ ವೇಗ ಮೀರಿ ಬಳಸಬಾರದು, ಮುಗಿದುಹೋಗುವಂಥದ್ದನ್ನು ಅದಕ್ಕೆ ಬದಲಿ ಸಿದ್ಧವಾಗುವುದಕ್ಕಿಂತ ಬೇಗ ಕರಗಿಸಬಾರದು, ತ್ಯಾಜ್ಯವು ನಿಸರ್ಗ ಅರಗಿಸಿಕೊಳ್ಳುವಷ್ಟನ್ನು ದಾಟಬಾರದು. ಮೊದಲ ನಿಯಮವನ್ನು ಪಾಲಿಸುವುದು ಏಕೆ ಕಷ್ಟವೆಂದು ಕೋಲಾರ ಜಿಲ್ಲೆಯನ್ನು ನೋಡಿದರೆ ತಿಳಿಯುತ್ತದೆ.

ವರ್ಷವಿಡೀ ಹರಿಯುವ ನದಿಯಿಲ್ಲದ ಈ ಸೀಮೆ ಶತಮಾನಗಳ ಕಾಲ ಕೆರೆಗಳನ್ನೇ ನಂಬಿತ್ತು. ಏರಿಯ ಮೇಲೆ ನಿಂತರೆ ತೂಬಿನ ಕಲ್ಲುಕಂಬಗಳಲ್ಲಿ ನೀರು ಎಲ್ಲಿಯವರೆಗಿದೆ ಎಂಬುದು ಊರಿಗೆಲ್ಲ ಕಾಣುತ್ತಿತ್ತು. ಅದನ್ನು ನೋಡಿ, ಕೆರೆಯ ನೀರುಣ್ಣುವ ಅಚ್ಚುಕಟ್ಟಿಗೆ ಭತ್ತವೋ ರಾಗಿಯೋ, ಎಷ್ಟು ಗದ್ದೆಗೆ ನೀರು ಸಾಲುತ್ತದೆ ಎಂದು ತೀರ್ಮಾನಿಸಿದ ಮೇಲೆ ನೀರುಗಂಟಿ ಸರದಿಯಂತೆ ಹಾಯಿಸುತ್ತಿದ್ದ. ಬೇಸಿಗೆಯಲ್ಲಿ ತೆಗೆದ ಹೂಳು ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಈ ಏರ್ಪಾಡು ನ್ಯಾಯವಾಗಿತ್ತೆಂದು ನಾನು ಹೇಳಲಾರೆ, ಅಚ್ಚುಕಟ್ಟಿನಲ್ಲಿ ಜಮೀನಿಲ್ಲದವರು ಹಂಚಿಕೆಯ ಹೊರಗೇ ಇದ್ದರು. ಆದರೆ ಎಷ್ಟಿದೆ ಎಂಬ ಪ್ರಶ್ನೆ ಯಾರಿಗೆಷ್ಟು ಎಂಬುದಕ್ಕಿಂತ ಮೊದಲು ಬರುತ್ತಿತ್ತು.

ಕೊಳವೆಬಾವಿ ಬಂದ ಮೇಲೆ ಆ ಮಿತಿ ಕಣ್ಣಿಗೆ ಬೀಳದಾಯಿತು. ಇಲ್ಲಿನ ನೆಲದಡಿ ಇರುವುದು ಗಟ್ಟಿ ಶಿಲೆ. ನೀರು ನಿಲ್ಲುವುದು ಮೇಲಿನ ಸಡಿಲ ಪದರದಲ್ಲಿ ಮತ್ತು ಆಳದ ಬಿರುಕುಗಳಲ್ಲಿ ಮಾತ್ರ. ಸಾವಿರ ಅಡಿ ಕೊರೆದಾಗ ಸಿಗುವ ನೀರು ಈ ವರ್ಷದ ಮಳೆಯದಲ್ಲ, ಹಿಂದಿನ ಎಷ್ಟೋ ಮಳೆಗಾಲಗಳ ಉಳಿತಾಯ. ಹತ್ತು ಎಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ ವಿದ್ಯುತ್ ಉಚಿತವಾದ್ದರಿಂದ ಇನ್ನೊಂದು ಗಂಟೆ ಎತ್ತಲು ರೈತನಿಗೆ ಖರ್ಚಿಲ್ಲ. ಅವನು ನಿಲ್ಲಿಸಿದರೂ ಪಕ್ಕದ ಹೊಲದವರು ಎತ್ತುತ್ತಾರೆ. ವರ್ಷಕ್ಕೆ ಎತ್ತುವ ನೀರನ್ನು, ಮರುಪೂರಣದಲ್ಲಿ, ಅಂದರೆ ನೆಲಕ್ಕೆ ಇಂಗಿ ಮತ್ತೆ ತುಂಬಿಕೊಳ್ಳುವುದರಲ್ಲಿ, ಬಳಕೆಗೆ ಸಿಗುವ ನೀರಿನೊಂದಿಗೆ ಹೋಲಿಸಿ, ಅದು ಶೇ. 100 ಮೀರಿದರೆ ಸರ್ಕಾರ 'ಅತಿಬಳಕೆ' ಎನ್ನುತ್ತದೆ. ಈ ಲೆಕ್ಕ ಡಾಲಿಯವರ ಮೊದಲ ನಿಯಮದ ಅಂಕಿರೂಪವೇ ಆಗಿದೆ, ಕೋಲಾರ ಆ ಗೆರೆಯನ್ನು ದಾಟಿ ಬಹಳ ಕಾಲವಾಗಿದೆ.

ನಮ್ಮಲ್ಲಿ ಅನೇಕರು ಎಡವುವುದು ದಕ್ಷತೆ ಮತ್ತು ಗಾತ್ರವನ್ನು ಒಂದೇ ಎಂದುಕೊಂಡಾಗ. ಹನಿ ನೀರಾವರಿಯಿಂದ ಒಂದು ಎಕರೆ ಟೊಮೆಟೊಗೆ ಬೇಕಾಗುವ ನೀರು ನಿಜವಾಗಿಯೂ ತಗ್ಗುತ್ತದೆ. ಆದರೆ ಉಳಿದ ನೀರಿನಲ್ಲಿ ಇನ್ನೊಂದು ಎಕರೆ ನೆಟ್ಟರೆ ಎತ್ತುವ ಒಟ್ಟು ನೀರು ಕಡಿಮೆಯಾಗುವುದಿಲ್ಲ. ಬೆಲೆಯು ನೀರನ್ನು ಯಾವ ಬೆಳೆಗೆ ಹರಿಸಬೇಕೆಂದು ಹೇಳಬಲ್ಲದು. ಒಟ್ಟು ಎಷ್ಟು ಎತ್ತಬಹುದೆಂದು ಹೇಳಲಾರದು. ಅದನ್ನು ಜನರೇ ಮೊದಲು ಕೂತು ನಿಗದಿಪಡಿಸಬೇಕು.

2018ರಿಂದ ಬೆಂಗಳೂರಿನ ಸಂಸ್ಕರಿತ ಕೊಳಚೆ ನೀರು ಕೆ.ಸಿ. (ಕೋರಮಂಗಲ–ಚಲ್ಲಘಟ್ಟ) ವ್ಯಾಲಿ ಯೋಜನೆಯ ಮೂಲಕ ಕೋಲಾರದ ಕೆರೆಗಳಿಗೆ ಬರುತ್ತಿದೆ. ಎರಡು ಹಂತದ ಶುದ್ಧೀಕರಣ ಸಾಕೇ ಎಂಬ ವಿವಾದ ಮೂರನೆಯ ನಿಯಮಕ್ಕೆ ಸೇರಿದ್ದು. ನನ್ನನ್ನು ಹೆಚ್ಚು ಕಾಡುವುದು ಹಂಚಿಕೆ: ಈ ನೀರು ಅಂತರ್ಜಲ ಮರುಪೂರಣಕ್ಕೆಂದು ಬಂದದ್ದು, ತೂಬಿನ ಮೂಲಕ ಗದ್ದೆಗೆ ಹರಿಯುವಂಥದ್ದಲ್ಲ. ಕೆರೆ ತುಂಬಿ ನಿಂತರೂ, ಒಳಗಿಳಿದ ಆ ನೀರು ಕೊಳವೆಬಾವಿ ಕೊರೆಸಲು ಶಕ್ತಿಯಿದ್ದವರ ಹೊಲಕ್ಕೇ ಮೊದಲು ಸೇರುತ್ತದೆ.