ಕ್ಲಾವಿಸ್‌ನಿಂದ ಚಾವಿಯವರೆಗೆ

ಉತ್ತರ ಕರ್ನಾಟಕದಲ್ಲಿ ಬೀಗ ತೆರೆಯುವುದಕ್ಕೂ ಗಡಿಯಾರಕ್ಕೆ ಕೊಡುವುದಕ್ಕೂ ಇರುವ 'ಚಾವಿ' ಪೋರ್ಚುಗೀಸರಿಂದ ಬಂದ ಪದ; ಅದರ ಬೇರು ಲ್ಯಾಟಿನ್ನಿನ 'ಕ್ಲಾವಿಸ್'. ಇಂಗ್ಲಿಷಿನ 'ಕೀ'ಗೂ ಇದಕ್ಕೂ ಸಂಬಂಧವಿಲ್ಲ.

ರೋಮನ್ ಸಾಮ್ರಾಜ್ಯ ಕುಸಿದ ಮೇಲೆ ಜನರ ಆಡುನುಡಿಯಲ್ಲಿ ಉಳಿದು ಬೆಳೆದದ್ದು ಈ ಪದದ ದ್ವಿತೀಯಾ ವಿಭಕ್ತಿಯ ರೂಪವಾದ 'ಕ್ಲಾವೆಮ್'. ಮೊದಲಿನ 'ಕ್ಲ್' ಎಂಬ ಒತ್ತಕ್ಷರವನ್ನು ಒಂದೊಂದು ನಾಡು ಒಂದೊಂದು ಬಗೆಯಲ್ಲಿ ಸವೆಸಿತು. ಫ್ರೆಂಚರು ಅದನ್ನು ಹಾಗೆಯೇ ಉಳಿಸಿಕೊಂಡು 'ಕ್ಲೆ' ಎಂದರು. ಬಾರ್ಸಿಲೋನಾ ಕಡೆಯ ನುಡಿಯಾದ ಕೆಟಲಾನಿನಲ್ಲಿ ಅದು 'ಕ್ಲಾವ್' ಆಯಿತು. ಇಟಲಿಯವರ ಬಾಯಲ್ಲಿ ಲಕಾರ ಕರಗಿ 'ಕ್ಯಾವೆ', ರೊಮೇನಿಯದಲ್ಲಿ 'ಕೆಯೆ', ಸ್ಪೇನಿನಲ್ಲಿ ಮೊದಲ ಕಕಾರವೇ ಬಿದ್ದುಹೋಗಿ 'ಯಾವೆ' ಎಂಬ ರೂಪಗಳು ನಿಂತವು. ಇದು ಒಂದೇ ಪದದ ಆಕಸ್ಮಿಕವಲ್ಲ: 'ಕೂಗು, ಕರೆ' ಎಂಬ ಅರ್ಥದ 'ಕ್ಲಾಮಾರೆ' ಇಟಾಲಿಯನ್ನಿನಲ್ಲಿ 'ಕ್ಯಾಮಾರೆ', ಸ್ಪ್ಯಾನಿಷಿನಲ್ಲಿ 'ಯಾಮಾರ್' ಆಗಿರುವುದನ್ನು ನೋಡಿದರೆ ನಿಯಮ ಎಷ್ಟು ಕಟ್ಟುನಿಟ್ಟಾಗಿ ನಡೆದಿದೆಯೆಂಬುದು ತಿಳಿಯುತ್ತದೆ.

ಪಂಡಿತರು ಅದೇ ಪದವನ್ನು ಲ್ಯಾಟಿನ್ ಗ್ರಂಥಗಳಿಂದ ಎರಡನೆಯ ಬಾರಿ ಎರವಲು ಪಡೆದಾಗ ಅದಕ್ಕೆ ಆ ಸವೆತ ತಟ್ಟಲಿಲ್ಲ. ಹೀಗಾಗಿ ಸ್ಪ್ಯಾನಿಷಿನಲ್ಲಿ ಬಾಗಿಲಿಗೆ 'ಯಾವೆ', ಗೂಢಲಿಪಿಯ ಸೂತ್ರಕ್ಕೆ 'ಕ್ಲಾವೆ' ಎಂದು ಎರಡು ಪದಗಳಿವೆ. ಪೋಪರನ್ನು ಆರಿಸುವ ಸಭೆಯ ಹೆಸರಾದ 'ಕಾಂಕ್ಲೇವ್' ಕೂಡ ಈ ಬೇರಿನದೇ. ಬೀಗ ಹಾಕಬಹುದಾದ ಕೋಣೆ ಎಂಬುದು ಅದರ ಮೂಲಾರ್ಥ. 1268ರಿಂದ 1271ರವರೆಗೆ ಇಟಲಿಯ ವಿಟೆರ್ಬೊ ಊರಿನಲ್ಲಿ ಪೋಪರ ಆಯ್ಕೆ ಮುಗಿಯದೆ ಎಳೆದಾಡಿದಾಗ ಊರವರು ಆರಿಸುವ ಧರ್ಮಾಧಿಕಾರಿಗಳಾದ ಕಾರ್ಡಿನಲ್‌ಗಳನ್ನು ಒಳಗೆ ಕೂಡಿಹಾಕಿದ್ದರು. 1274ರಲ್ಲಿ ಪೋಪ್ ಹತ್ತನೆಯ ಗ್ರೆಗೊರಿ ಅಂಥ ಕೂಡಿಹಾಕುವಿಕೆಯನ್ನೇ ನಿಯಮವಾಗಿಸಿದರು.

ಕನ್ನಡಿಗರಿಗೆ ಇಲ್ಲಿ ಮುಖ್ಯವಾದದ್ದು ಪೋರ್ಚುಗೀಸ್ ಕವಲು. ಇಂದು ಲಿಸ್ಬನ್‌ನಲ್ಲಿ ಈ ಪದದ ಉಚ್ಚಾರ ಹೆಚ್ಚುಕಡಿಮೆ 'ಶಾವ್'. ನಮ್ಮಲ್ಲಿರುವುದು ಮಾತ್ರ ಶಕಾರವಲ್ಲ, ಸ್ಪಷ್ಟವಾದ ಚಕಾರ. 1510ರಲ್ಲಿ ಗೋವಾವನ್ನು ಗೆದ್ದುಕೊಂಡ ಕಾಲದ ಪೋರ್ಚುಗೀಸರು 'ಚಾವೆ' ಎಂದೇ ಉಚ್ಚರಿಸುತ್ತಿದ್ದರು. ಆ ಚಕಾರ ರಾಜಧಾನಿಯ ನುಡಿಯಲ್ಲಿ ಶಕಾರವಾದದ್ದು ಆಮೇಲೆ. ಪೋರ್ಚುಗೀಸಿನ ಒಡಹುಟ್ಟು ನುಡಿಯಾದ ಗಲೀಶಿಯನ್ನಿನಲ್ಲಿ ಇಂದಿಗೂ ಚಕಾರವೇ ಇದೆ. ಕೊಂಕಣಿ, ಮರಾಠಿ, ಕನ್ನಡಗಳು ಕೊನೆಯ ಎಕಾರವನ್ನು ಇಕಾರವಾಗಿಸಿ 'ಚಾವಿ' ಎಂದವು, ಹಿಂದಿ ಮತ್ತು ಬಂಗಾಳಿಗಳು ವಕಾರವನ್ನೂ ಬದಲಿಸಿ 'ಚಾಬಿ' ಎಂದವು. ಲಿಸ್ಬನ್ ಕಳೆದುಕೊಂಡ ಹಳೆಯ ಉಚ್ಚಾರಕ್ಕೆ ಧಾರವಾಡದ ಮನೆಮಾತು ಸಾಕ್ಷಿಯಾಗಿರುವುದನ್ನು ನಮ್ಮ ಪದಕೋಶಗಳು ಒಂದು ಸಾಲಿನಲ್ಲಾದರೂ ದಾಖಲಿಸಬೇಕು.