ಅಲೆ ಮುರಿಯುವ ಸಾಲಿನಲ್ಲಿ ಟ್ರೌಟ್ ಬೇಟೆ

ಅಲೆ ಮನಬಂದ ಕಡೆ ಮುರಿಯುವುದಿಲ್ಲ. ನೀರಿನ ಆಳ ಅಲೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ಅದರ ತಲೆ ಮುಂದಕ್ಕೆ ಬಾಗಿ ನೊರೆಯಾಗುತ್ತದೆ. ಅಂದರೆ ಬಿಳಿ ನೊರೆಯ ಸಾಲು ಕಂಡಲ್ಲೆಲ್ಲ ಕೆಳಗೆ ಮರಳಿನ ದಿಬ್ಬ ಇದೆ ಅಂತಲೇ ಅರ್ಥ. ಅಮೆರಿಕದ ಟೆಕ್ಸಾಸ್ ತೀರದಲ್ಲಿ, ಗ್ಯಾಲ್ವೆಸ್ಟನ್‌ನಿಂದ ಪಾಡ್ರೆ ದ್ವೀಪದವರೆಗೆ, ಇಂಥ ದಿಬ್ಬಗಳು ದಡಕ್ಕೆ ಸಮಾನಾಂತರವಾಗಿ ಒಂದರ ಹಿಂದೆ ಒಂದು ಸಾಗುತ್ತವೆ. ನಡುವೆ ನೊರೆಯಿಲ್ಲದ, ಬಣ್ಣ ಕಪ್ಪಾದ ತಗ್ಗುಗಳು. ಸಿಗಡಿ, ಸಣ್ಣ ಮೀನುಗಳು ಈ ತಗ್ಗಿನ ದಾರಿಯಲ್ಲೇ ಓಡಾಡುತ್ತವೆ. ಅವುಗಳ ಬೆನ್ನು ಹತ್ತಿ ಸ್ಪೆಕಲ್ಡ್ ಟ್ರೌಟ್ ಎಂಬ ಮೀನು ಬರುತ್ತದೆ.

ಬೆನ್ನ ಮೇಲೆ ಕಪ್ಪು ಚುಕ್ಕೆ, ಬಾಯೊಳಗೆ ಹಳದಿ. ತಣ್ಣೀರ ಹೊಳೆಗಳ ಟ್ರೌಟ್‌ಗೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಇದು ಸದ್ದು ಮಾಡುವ ಕ್ರೋಕರ್ ಬಳಗದ ಮೀನು. ಈ ಬಳಗದ ಬೇರೆ ಮೀನುಗಳು ನಮ್ಮ ಕರಾವಳಿಯ ಬಲೆಗೂ ಬೀಳುತ್ತವೆ. ಮೊಟ್ಟೆ ಬಿಡುವ ಕಾಲದಲ್ಲಿ ಸಂಜೆಯಾಗುತ್ತಲೇ ಗಂಡು ಟ್ರೌಟ್ ಹೊಟ್ಟೆಯೊಳಗಿನ ಗಾಳಿಚೀಲವನ್ನು ಸ್ನಾಯುಗಳಿಂದ ಅದುರಿಸಿ ಗುರುಗುಟ್ಟುತ್ತದೆ, ಹೆಣ್ಣನ್ನು ಕರೆಯಲು. ನನಗಂತೂ ಇದು ಆ ಕಡಲಿನ ಅತಿ ಚೆಂದದ ಸಂಗತಿ.

ಬೇಟೆಗೆ ಮಾತ್ರ ಅದು ಹೆಚ್ಚಾಗಿ ಕಣ್ಣನ್ನೇ ನಂಬುತ್ತದೆ. ಹಾಗಾಗಿ ನೀರಿನ ಬಣ್ಣ ಮುಖ್ಯ. ಗಾಳಿ ಜೋರಾದರೆ ಮರಳು, ಕೆಸರು ಕದಡಿ ನೀರು ಚಹಾದಂತಾಗುತ್ತದೆ. ಕೆಲವು ದಿನ ಗಾಳಿ ಶಾಂತವಾಗಿದ್ದರೆ ಕೆಸರು ತಳಕ್ಕಿಳಿದು ಹಸಿರು ನೀರು ದಡದವರೆಗೂ ಬರುತ್ತದೆ. ನಡು ಬೇಸಿಗೆಯಲ್ಲಿ ದಡದ ಪ್ರವಾಹವೂ ದಿಕ್ಕು ಬದಲಿಸಿ ದಕ್ಷಿಣದಿಂದ ತಿಳಿ ನೀರು ತರುತ್ತದೆ. ಅಲ್ಲಿ ಉಬ್ಬರ ಇಳಿತ ಸಣ್ಣದು, ಬಹಳ ದಿನ ಅರ್ಧ ಮೀಟರ್ ಆಸುಪಾಸು. ಅದಕ್ಕೇ ಗಾಳ ಹಾಕುವವರು ಪಂಚಾಂಗಕ್ಕಿಂತ ಗಾಳಿಯ ಮುನ್ಸೂಚನೆಯನ್ನೇ ಜಾಸ್ತಿ ನೋಡುತ್ತಾರೆ. ಬೆಳಕು ಹರಿಯುವ ಮುಂಚೆಯೇ ನೀರಿಗಿಳಿದು, ಸೊಂಟದಾಳದಲ್ಲಿ ನಿಂತು, ಮುಂದಿನ ತಗ್ಗಿಗೆ ಗಾಳ ಬೀಸುತ್ತಾರೆ. ಜೀವಂತ ಸಿಗಡಿಯ ಮೇಲೆ ಒಂದು ತೇಲುಬೆಂಡು ಕಟ್ಟಿ, ದಾರ ಜಗ್ಗಿ ಟಪ್ ಎನ್ನಿಸುವುದೂ ಉಂಟು. ಮೇಲೆ ಬೇಟೆ ನಡೆದಿದೆ ಎಂದು ಟ್ರೌಟ್ ಮೋಸಹೋಗುತ್ತದೆ.

ಮೀನು ಕಚ್ಚಿದ ಮೇಲೆ ಅವಸರ ಕೂಡದು. ಅದರ ಬಾಯಿ ಬಲು ಮೆತ್ತಗೆ, ಜೋರಾಗಿ ಎಳೆದರೆ ಹರಿದು ಕೊಕ್ಕೆ ಕಳಚಿಕೊಳ್ಳುತ್ತದೆ. ನಡೆಯುವಾಗಲೂ ಕಾಲೆತ್ತಿ ಇಡಬಾರದು, ಮರಳ ಮೇಲೆ ಎಳೆದುಕೊಂಡು ಸಾಗಬೇಕು. ಮರಳಲ್ಲಿ ಹುದುಗಿದ ತೊರಕೆ ಮೀನಿಗೆ ಕಾಲು ತಗುಲಿದರೆ ಅದು ಸರಿದುಹೋಗುತ್ತದೆ. ಮೇಲೆಯೇ ತುಳಿದರೆ ಬಾಲದ ಮುಳ್ಳು ನೆಡುತ್ತದೆ. ನೆಟ್ಟರೆ ತಡೆದುಕೊಳ್ಳುವಷ್ಟು ಬಿಸಿಯ ನೀರಲ್ಲಿ ಕಾಲಿಡಬೇಕು, ನೋವು ಇಳಿಯುತ್ತದೆ. ಆಮೇಲೆ ವೈದ್ಯರ ಬಳಿ ಹೋಗಲೇಬೇಕು. ದಿಬ್ಬ ತುಂಡಾದ ಕಡೆ ನೀರು ಕಡಲಿಗೆ ವಾಪಸ್ ರಭಸದಿಂದ ಹರಿಯುತ್ತದೆ. ಅಲ್ಲಿ ಕಾಲಿಡದಿರುವುದೇ ಲೇಸು.

2021ರ ಫೆಬ್ರವರಿಯ ಚಳಿಗೆ ಟೆಕ್ಸಾಸ್ ಕರಾವಳಿಯಲ್ಲಿ ಕನಿಷ್ಠ 38 ಲಕ್ಷ ಮೀನುಗಳು ಸತ್ತವು ಎಂದು ಅಲ್ಲಿನ ವನ್ಯಜೀವಿ ಇಲಾಖೆ ಅಂದಾಜಿಸಿತು. ಆಳವಿಲ್ಲದ ಹಿನ್ನೀರಿನಲ್ಲಿ ಸಿಕ್ಕಿಬಿದ್ದ ಟ್ರೌಟ್‌ಗೆ ದೊಡ್ಡ ಪೆಟ್ಟು ಬಿತ್ತು. ಆಮೇಲೆ ಹಿಡಿಯುವ ಮಿತಿ ಬಿಗಿಯಾಯಿತು. ದೊಡ್ಡ ಟ್ರೌಟ್‌ಗಳು ಬಹುಪಾಲು ಹೆಣ್ಣು. ಅವು ಒಂದೇ ಬೇಸಿಗೆಯಲ್ಲಿ ಹಲವು ಸಲ ಮೊಟ್ಟೆ ಬಿಡುತ್ತವೆ. ಅಂಥದ್ದು ಸಿಕ್ಕಾಗ ಒದ್ದೆ ಕೈಯಲ್ಲಿ ಹಿಡಿದು, ಕೊಕ್ಕೆ ಬಿಡಿಸಿ, ಮತ್ತೆ ತಗ್ಗಿಗೇ ಬಿಡುವವರು ಈಗ ಬಹಳ ಮಂದಿ ಇದ್ದಾರೆ.