'ಇಯರ್' ಅಂದರೆ ಕಿವಿ, 'ಇಯರ್' ಅಂದರೆ ತೆನೆ: ನಾನು ಎಡವಿದ ಜಾಗ

ನಾಡಿದ್ದು ಇಂಗ್ಲಿಷ್ ಭಾಷಾಶಾಸ್ತ್ರದ ಪೇಪರ್. ಶಿರಸಿಯಿಂದ ಕುಮಟೆಗೆ ಘಟ್ಟ ಇಳಿಯುವ ಬಸ್ಸಿನಲ್ಲಿ ಓದಿದ್ದು ಒಂದೂ ತಲೆಯಲ್ಲಿ ಉಳಿಯಲಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ಡಿನೋಟೇಶನ್ ಅಂದರೆ ಪದದ ನೇರ ಅರ್ಥ. ಅದಕ್ಕೆ ಅಂಟಿಕೊಂಡು ಬರುವ ಭಾವ ಕಾನೊಟೇಶನ್. 'ಸ್ಲಿಮ್', 'ಸ್ಕಿನ್ನಿ' ಎರಡನ್ನೂ ತೆಳ್ಳಗಿದ್ದವರಿಗೇ ಹೇಳುವುದು. ಮೊದಲನೆಯದಕ್ಕೆ ಖುಷಿ, ಎರಡನೆಯದಕ್ಕೆ ಸಿಟ್ಟು. ಹೈಪೊನಿಮಿ ಇನ್ನೂ ಸುಲಭ: 'ಫಿಶ್' ದೊಡ್ಡ ಬುಟ್ಟಿ, 'ಮ್ಯಾಕೆರೆಲ್', 'ಸಾರ್ಡೀನ್' ಅದರೊಳಗಿನವು. ಕಾರವಾರದಲ್ಲಿ ಬಂಗಡೆ, ತಾರ್ಲೆ ಕೊಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಾನು ಎಡವಿದ್ದು ಪಾಲಿಸೆಮಿ, ಹೋಮೊನಿಮಿಯಲ್ಲಿ. ಪಾಲಿಸೆಮಿಯಲ್ಲಿ ಪದ ಒಂದೇ, ಅರ್ಥ ಹಲವು, ಆ ಅರ್ಥಗಳಿಗೆ ಒಂದಕ್ಕೊಂದು ನಂಟಿದೆ. 'ಐ' ಅಂದರೆ ಕಣ್ಣು, ಸೂಜಿಯ ತೂತೂ 'ಐ'. ನಾವು ತೆಂಗಿನಕಾಯಿಗೆ ಮೂರು ಕಣ್ಣು ಅನ್ನುತ್ತೇವಲ್ಲ, ಹಾಗೆ. ಹೋಮೊನಿಮಿಯಲ್ಲಿ ಪದಗಳೇ ಬೇರೆ, ಸುಮ್ನೆ ಒಂದೇ ಥರ ಕಾಣುತ್ತವೆ. 'ಬ್ಯಾಟ್' ಬಾವಲಿಯೂ ಹೌದು, ಕ್ರಿಕೆಟ್ ದಾಂಡೂ ಹೌದು. ನಮ್ಮಲ್ಲಿ 'ಅರಸು' ಅಂದರೆ ದೊರೆ, 'ಅರಸು' ಅಂದರೆ ಹುಡುಕು.

ಇಷ್ಟು ಕಲಿತು ಟೆಸ್ಟಿಗೆ ಹೋದೆ. ಬಂದದ್ದು 'ಇಯರ್': ಕಿವಿ ಮತ್ತು ತೆನೆ. ಮೆಕ್ಕೆಜೋಳದ ತೆನೆ ದಂಟಿನ ಪಕ್ಕಕ್ಕೆ ಕಿವಿಯ ಹಾಗೇ ಚಾಚಿರುತ್ತದೆ, ಅಲ್ವಾ? ಪಾಲಿಸೆಮಿ ಅಂತ ಬರೆದೆ. ತಪ್ಪು. ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಪದ. ಸವೆದು ಸವೆದು ಒಂದೇ ಆಗಿಬಿಟ್ಟವು. ಇದಕ್ಕೆ ಉಲ್ಟಾ ಕಥೆ ಹೂವಿನ 'ಫ್ಲವರ್', ಹಿಟ್ಟಿನ 'ಫ್ಲವರ್'. ಈಗ ಸ್ಪೆಲಿಂಗೂ ಬೇರೆ, ಆದರೆ ಮೂಲದಲ್ಲಿ ಪದ ಒಂದೇ. ಬೀಸಿದ್ದರಲ್ಲಿ ಅತಿ ಒಳ್ಳೆಯ ಭಾಗವನ್ನು ಹೂವು ಅನ್ನುತ್ತಿದ್ದರು. ಇವತ್ತು ಆ ನಂಟು ಯಾರಿಗೆ ಹೊಳೆಯುತ್ತದೆ?

ಹಾಗಾಗಿ ಅಳತೆಗೋಲು ಎರಡು. ಒಂದು ಪದದ ಚರಿತ್ರೆ, ಇನ್ನೊಂದು ಮಾತಾಡುವವರಿಗೆ ಈಗ ಕಾಣುವ ನಂಟು. ಎರಡೂ ಜಗಳ ಆಡುತ್ತವೆ. ನಿಘಂಟು ಜಾಸ್ತಿ ಚರಿತ್ರೆಯ ಕಡೆಗೆ: ಪಾಲಿಸೆಮಿಗೆ ಒಂದೇ ಪದದ ಕೆಳಗೆ 1, 2, 3, ಹೋಮೊನಿಮಿಗೆ ಪದವನ್ನೇ ಎರಡು ಸಲ ಕೊಡುತ್ತದೆ. ಯಾವ ಕೋಲು ಹಿಡಿದಿದ್ದೇನೆ ಅಂತ ಉತ್ತರದಲ್ಲಿ ಒಂದು ಸಾಲು ಬರೆಯುವುದು ಈಗ ನನ್ನ ಉಪಾಯ.

ಉಳಿದದ್ದು ಬೇಗ. ಉಚ್ಚಾರ ಮಾತ್ರ ಬೇರೆಯಾದರೆ ಆಕ್ಸೆಂಟ್, ಪದ ಮತ್ತು ವ್ಯಾಕರಣವೂ ಬೇರೆಯಾದರೆ ಡಯಲೆಕ್ಟ್. ಭಾಷಾಶಾಸ್ತ್ರಜ್ಞ ವಿಲಿಯಂ ಲಬೋವ್ 1962ರಲ್ಲಿ ನ್ಯೂಯಾರ್ಕಿನ ಮೂರು ಅಂಗಡಿಗಳಿಗೆ ಹೋಗಿ, ನಾಲ್ಕನೇ ಮಹಡಿಯಲ್ಲಿರುವ ಸಾಮಾನು ಎಲ್ಲಿದೆ ಅಂತ ಕೇಳಿದ. ಅಂಗಡಿಯವರು 'ಫೋರ್ತ್ ಫ್ಲೋರ್' ಅಂದಾಗ 'ರ್' ಕೇಳುತ್ತದಾ ಅಂತ ಗಮನಿಸಿದ. ಕೇಳಿಸದವನ ಹಾಗೆ ನಟಿಸಿ ಇನ್ನೊಮ್ಮೆ ಹೇಳಿಸಿದ. ಅಂಗಡಿ ದುಬಾರಿಯಾದಷ್ಟೂ 'ರ್' ಜಾಸ್ತಿ.

ಡೈಗ್ಲಾಸಿಯಾ ಬಗ್ಗೆ ಇನ್ನೊಬ್ಬ ಭಾಷಾಶಾಸ್ತ್ರಜ್ಞ ಚಾರ್ಲ್ಸ್ ಫರ್ಗ್ಯುಸನ್ ಬರೆದದ್ದು 1959ರಲ್ಲಿ. ಭಾಷಣ, ಬರಹಕ್ಕೆ ಒಂದು ರೂಪ, ಮನೆಮಾತಿಗೆ ಇನ್ನೊಂದು. ಮೊದಲನೆಯದನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ, ಅದೇ ಗುರುತು. ಅರೇಬಿಕ್ ಅವನ ಉದಾಹರಣೆಗಳಲ್ಲಿ ಒಂದು. ನಮ್ಮದು ಹವ್ಯಕ ಮನೆ, ಆಡುವುದು ಹವ್ಯಕ ಕನ್ನಡ. ನಿನ್ನೆ ಆಯಿ ಹತ್ರ ಬೇಕಂತಲೇ ಪುಸ್ತಕದ ಕನ್ನಡದಲ್ಲಿ "ಏನು ಮಾಡುತ್ತಿದ್ದೀಯೆ?" ಅಂತ ಕೇಳಿದೆ.

"ಎಂತಾತೇ ನಿಂಗೆ?" ಅಂದಳು.